ಒಂದು ದಿನಕ್ಕೆ ಒಂದೇ ದಿನ

ಅವನ ಹಾರೆ ನೆಲಕ್ಕೆ ಬೀಳುವಾಗಲೇ ಇವಳ ಹಾರೆಯೂ ಬೀಳುತ್ತಿತ್ತು.

ಒಂದು ಸಲವಲ್ಲ, ಎರಡು ಸಲವಲ್ಲ. ಬೆಳಗ್ಗೆ ಏಳು ಗಂಟೆಯಿಂದ ಹಾಗೇ. ಬೂದಿಕೋಟೆ ಹತ್ತಿರದ ಮುನಿಶಾಮಪ್ಪನ ಹೊಲದಲ್ಲಿ ಅವತ್ತು ಟೊಮೇಟೊ ಗಿಡಗಳಿಗೆ ಕೋಲು ನೆಡುವ ಕೆಲಸ. ಹಾರೆ ಹಿಡಿದು ಗುಳಿ ತೋಡುತ್ತಿದ್ದವರು ಆರು ಜನ. ಆ ಆರರಲ್ಲಿ ಹೆಣ್ಣು ಕಲ್ಪನ ಒಬ್ಬಳೇ.

ಪಕ್ಕದ ಸಾಲಿನವನನ್ನು ಸೋಲಿಸಬೇಕೆಂದು ಅವಳು ಸ್ವಲ್ಪ ಜೋರು ಮಾಡಿದಳು. ಅವನೂ ಜೋರು ಮಾಡಿದ. ತಲೆ ಎತ್ತಿ ನೋಡಿದರೆ ಗಡ್ಡದ ತುಂಬ ಮಣ್ಣು ಮಾಡಿಕೊಂಡು ನಗುತ್ತಿದ್ದ. ಕಲ್ಪನ ಮುಖ ತಿರುಗಿಸಿಕೊಂಡಳು. ತಿರುಗಿಸಿಕೊಂಡಿದ್ದು ತನಗೂ ನಗು ಬಂದಿದ್ದಕ್ಕೆ... ಇದು ನಮ್ಮಲ್ಲೇ ಇರಲಿ.

ಅವನು ಮಂಗಮ್ಮನ ಮಗ ಕಾಂತರಾಜ್. ಆಂಡರ್ಸನ್‌ಪೇಟೆಯಲ್ಲಿ ಒಂಬತ್ತು ವರ್ಷ ಆಟೋ ಓಡಿಸಿ, ಅದನ್ನು ಮಾರಿ, ಅಮ್ಮನ ಪಾಲಿಗೆ ಬಂದ ಮುಕ್ಕಾಲು ಎಕರೆ ಮಾಡಲು ನಾಲ್ಕು ತಿಂಗಳ ಹಿಂದೆ ಊರಿಗೆ ಬಂದಿದ್ದ. ಇಷ್ಟನ್ನು ಕಲ್ಪನ ಡೈರಿಯಲ್ಲಿ ಹಾಲು ಹಾಕುವಾಗ ಕೇಳಿದ್ದಳು. ಇಷ್ಟು ಹತ್ತಿರದಿಂದ ನೋಡಿದ್ದು ಮಾತ್ರ ಇವತ್ತೇ.

ಸಂಜೆ ಇಬ್ಬರ ಸಾಲೂ ಒಟ್ಟಿಗೇ ಮುಗಿಯಿತು. ಎಲ್ಲರೂ ಹೊಂಗೆ ಮರದ ಕೆಳಗೆ ಸೇರಿದರು. ಅಲ್ಲಿ ಯಾರಿಗೂ ಕೂಲಿ ಇಲ್ಲ. ಅದು ಮುಯ್ಯಾಳು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು, ಅಷ್ಟೇ. ಯಾರು ಯಾರಿಗೆ ಎಷ್ಟು ದಿನ ಎಂದು ಬಾಯಲ್ಲೇ ಇಟ್ಟುಕೊಂಡು ಹೇಳುವವನು ಮುನಿಶಾಮಪ್ಪ.

“ಕಾಂತರಾಜು, ಒಂದು ಆಳು. ಕಲ್ಪನ, ಅರ್ಧ ಆಳು.”

ಅಂದರೆ ಗಂಡಸು ಅವಳ ಹೊಲಕ್ಕೆ ಒಂದು ದಿನ ಬಂದರೆ ಅವಳು ಅವನ ಹೊಲಕ್ಕೆ ಎರಡು ದಿನ ಹೋಗಬೇಕು. ಅಂಗಡಿ ಬೀದಿಯಲ್ಲಿ ನಿಂತು ಆಳು ಕರೆದರೂ ಇದೇ ಕಥೆ, ಗಂಡಾಳಿಗೆ ಆರುನೂರು, ಹೆಣ್ಣಾಳಿಗೆ ಮುನ್ನೂರೈವತ್ತು. ಯಾರಪ್ಪ ಮಾಡಿದ ಲೆಕ್ಕವೋ ನನಗಂತೂ ಗೊತ್ತಿಲ್ಲ.

“ಅಪ್ಪ ಕಾಯಿಲೆಯಿಂದ ಮಲಗಿದ್ದಾಗ ನಾನೇ ಬತ್ತಿದ್ದೆ ದೊಡ್ಡಪ್ಪ. ಆವಾಗ ಒಂದು ಆಳು ಅಂತಿದ್ರಿ,” ಎಂದಳು ಕಲ್ಪನ. “ಇದೇ ಆರೆ, ಇದೇ ನಾನು.”

“ಆವಾಗ ನಿಮ್ಮಪ್ಪನ ಎಸರಲ್ಲಿ ಬತ್ತಿದ್ದೆ ಕಣಮ್ಮ. ಈಗ ನಿನ್ನ ಎಸರಲ್ಲಿ ಬಂದಿದ್ದೀಯ.”

ಅವನು ಕೋಪದಿಂದ ಹೇಳಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟು ಸಲೀಸಾಗಿ ಹೇಳಿದ. ಕಲ್ಪನ ಕಾಂತರಾಜನ ಕಡೆ ನೋಡಿದಳು. ಇಡೀ ದಿನ ಪಕ್ಕದ ಸಾಲಿನಲ್ಲಿದ್ದವನು... ಎಲ್ಲಾ ಕಣ್ಣಾರೆ ಕಂಡವನು! ಅವನು ಒಂದು ಕಡ್ಡಿ ತೆಗೆದುಕೊಂಡು ಹಾರೆಗೆ ಮೆತ್ತಿದ ಮಣ್ಣನ್ನು ಕೆರೆಯುತ್ತಾ ನಿಂತಿದ್ದ.

“ಇನ್ಮೇಲೆ ನಂದು ಒಂದು ದಿನಕ್ಕೆ ಒಂದೇ ದಿನ,” ಎಂದಳು. ಹಾಗಾದರೆ ನಿನ್ನ ಹೊಲಕ್ಕೆ ಯಾರು ಬರುತ್ತಾರೆ ನೋಡೋಣ ಎಂದು ಮುನಿಶಾಮಪ್ಪ ಟವೆಲ್ ಕೊಡವಿ ಎದ್ದ.

ಯಾರೂ ಬರಲಿಲ್ಲ.

ಕಲ್ಪನಳದು ಅರ್ಧ ಎಕರೆ ಟೊಮೇಟೊ. ಗಿಡ ಹೂ ಬಿಟ್ಟು ಪಕ್ಕಕ್ಕೆ ವಾಲುತ್ತಿತ್ತು. ಕೋಲು ನೆಟ್ಟು ಎತ್ತಿ ಕಟ್ಟದಿದ್ದರೆ ಕಾಯಿ ನೆಲಕ್ಕೆ ತಾಗುತ್ತದೆ, ತಾಗಿದ್ದು ಕೊಳೆಯುತ್ತದೆ. ಹದಿನೈದು ದಿನದ ಒಳಗೆ ಮುಗಿಯಬೇಕು. ಕೂಲಿ ಕೊಟ್ಟು ಮಾಡಿಸೋಣವೆಂದರೆ ಫಸಲು ಬರುವ ತನಕ ಕೈಯಲ್ಲಿ ಕಾಸಿಲ್ಲ. ಒಬ್ಬಳೇ ಗುಳಿ ತೋಡಿದಳು, ಒಬ್ಬಳೇ ಕೋಲು ಹೊತ್ತಳು, ಒಬ್ಬಳೇ ದಾರ ಕಟ್ಟಿದಳು. ಐದು ದಿನಕ್ಕೆ ನಾಲ್ಕು ಸಾಲು ಆಯಿತು. ಇನ್ನೂ ಮೂವತ್ತು ಸಾಲು ಇತ್ತು.

ಕೆಲಸಕ್ಕಿಂತ ಕಷ್ಟವಾಗಿದ್ದು ಬೇರೆ. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿದರೆ ಪಕ್ಕದ ಹೊಲದಲ್ಲಿ ಮುಯ್ಯಾಳುಗಳ ನಗು ಕೇಳುತ್ತಿತ್ತು. ಯಾರೋ ಯಾರನ್ನೋ ರೇಗಿಸುತ್ತಿದ್ದರು. ಅವಳು ತುತ್ತು ನುಂಗದೆ ಅದನ್ನೇ ಕೇಳುತ್ತಾ ಕೂರುತ್ತಿದ್ದಳು. ಮನೆಗೆ ಬಂದರೆ ಕೆಂಪಿ ಹಸು ಒಂದೇ. ಅಪ್ಪ ಹೋಗಿ ವರ್ಷವಾದರೂ ಅವನ ತಟ್ಟೆ ಗೂಟದ ಮೇಲಿನ ಹಲಗೆಯಲ್ಲೇ ಇತ್ತು. ಅದನ್ನು ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದಳು.

“ನಾನು ತಪ್ಪು ಮಾಡಿದ್ನಾ ಕೆಂಪಿ?” ಎಂದು ಕೇಳಿದಳು ಒಂದು ದಿನ. ಕೆಂಪಿ ಮೇವು ತಿನ್ನುತ್ತಿತ್ತು.

ಡೈರಿಯಲ್ಲಿ ನರಸಮ್ಮ ಮಾತ್ರ ಹತ್ತಿರ ಬಂದು ಪಿಸುಗುಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಅವಳೂ ಎಂಟು ವರ್ಷದಿಂದ ಒಂದಕ್ಕೆ ಎರಡು ಕೊಡುತ್ತಿದ್ದವಳು. ನೀನು ಗಟ್ಟಿಯಾಗಿ ನಿಲ್ಲು, ನಿನಗೆ ಒಬ್ಬನಾದರೂ ಒಂದಕ್ಕೆ ಒಂದು ಬಂದರೆ ಆಮೇಲೆ ನಾನೂ ಕೇಳುತ್ತೇನೆ, ನನ್ನ ಹಾಗೇ ಅರ್ಧ ಆಳಾಗಿ ದುಡಿಯುವ ರಾಧಳೂ ಕೇಳುತ್ತಾಳೆ ಎಂದಳು. ಧೈರ್ಯ ಹೇಳಿದ ಹಾಗೂ ಆಯಿತು, ದೂರ ನಿಂತ ಹಾಗೂ ಆಯಿತು.

ಆರನೇ ದಿನ ಬೆಳಗ್ಗೆ ಹೊಲದ ಅಂಚಿನಲ್ಲಿ ಹಾರೆ ಹೊತ್ತು ಕಾಂತರಾಜ್ ನಿಂತಿದ್ದ.

“ಒಂದು ದಿನಕ್ಕೆ ಒಂದೇ ದಿನ. ಒಪ್ಕೊಂಡೇ ಬಂದಿದ್ದೀನಿ,” ಎಂದ.

ಕಲ್ಪನಳಿಗೆ ತೋಚಿದ್ದು ಒಂದೇ ಪ್ರಶ್ನೆ. “ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ ನೀವು?”

ಊರಿಗೆ ಹೊಸಬ, ಎದುರು ಮಾತಾಡಿದರೆ ಅಮ್ಮನ ಹೊಲಕ್ಕೂ ಯಾರೂ ಬರುವುದಿಲ್ಲ ಎಂಬ ಭಯ ಎಂದ. ಸುತ್ತಿ ಬಳಸಿ ಹೇಳಲಿಲ್ಲ. ಭಯವನ್ನು ಭಯ ಎಂದೇ ಹೇಳಿದ ಗಂಡಸನ್ನು ಕಲ್ಪನ ಅದೇ ಮೊದಲು ನೋಡಿದ್ದು.

ಆ ದಿನ ಆರು ಸಾಲು ಮುಗಿಯಿತು. ಮಧ್ಯಾಹ್ನ ಬದುವಿನ ಮೇಲೆ ಎರಡು ಬುತ್ತಿ ಬಿಚ್ಚಿಕೊಂಡವು. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಓಡುವ ಹೆಣ್ಣುಮಕ್ಕಳನ್ನು ಆಟೋದಲ್ಲಿ ತುಂಬಿಕೊಂಡು ಹೋಗುತ್ತಿದ್ದ ದಿನಗಳ ಬಗ್ಗೆ ಅವನು ಹೇಳಿದ. ಅಲ್ಲಿ ಅಷ್ಟು ಜನ ಹತ್ತಿ ಇಳಿದರೂ ಸಂಜೆ ಮಾತಾಡಲು ಒಬ್ಬರಿರಲಿಲ್ಲವಂತೆ. ಕಲ್ಪನ ಕೆಂಪಿಯ ಜೊತೆ ಮಾತಾಡುವುದನ್ನು ಹೇಳಿಬಿಟ್ಟಳು. ಹೇಳಿದ ಮೇಲೆ ನಾಚಿಕೆಯಾಯಿತು. ಅವನು ನಗಲಿಲ್ಲ.

ಎರಡು ದಿನ ಬಿಟ್ಟು ಅವಳು ಅವನ ಹೊಲಕ್ಕೆ ಒಂದು ದಿನ ಹೋಗಿ ಬಂದಳು. ಒಂದಕ್ಕೆ ಒಂದು. ಆ ಸಂಜೆ ಮನೆಗೆ ನಡೆಯುವಾಗ ಅವಳು ಹಾಡು ಗುನುಗಿದಳು, ಎಷ್ಟೋ ತಿಂಗಳ ಮೇಲೆ.

ಅದಾಗಿ ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಅವಳ ಹೊಲಕ್ಕೆ ಒಂಬತ್ತು ಜನ ಬಂದಿದ್ದರು!

ಮುನಿಶಾಮಪ್ಪ, ಕಾಂತರಾಜ್, ನರಸಮ್ಮ, ರಾಧ, ಎಲ್ಲರೂ. ಗೆದ್ದೆ... ನಾನು ಗೆದ್ದೆ! ಕಲ್ಪನ ಮನೆಗೆ ಓಡಿ ಮುದ್ದೆ, ಅವರೆಕಾಳು ಸಾರು ಮಾಡಿ ಹೊತ್ತು ತಂದಳು. ಹೊಲದ ತುಂಬ ಮಾತು. ಯಾರೋ ಯಾರನ್ನೋ ರೇಗಿಸುತ್ತಿದ್ದರು, ಈ ಸಲ ಅವಳದೇ ಹೊಲದಲ್ಲಿ. ಬಡಿಸುತ್ತಾ ಬಡಿಸುತ್ತಾ ಅವಳ ಕಣ್ಣು ತುಂಬಿತು. ಕಾಂತರಾಜನ ಎಲೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಬಿತ್ತು.

ಆಗ ಮುನಿಶಾಮಪ್ಪ ಕೈ ತೊಳೆದುಕೊಂಡು, ಪ್ರೀತಿಯಿಂದಲೇ ಅಂದ: “ಒಳ್ಳೇದಾಯ್ತು ಕಣಮ್ಮ. ನಿನ್ನ ಅಟಮಾರಿತನ ಬಿಟ್ಟು ಕಾಂತರಾಜುಗೆ ಎರಡನೇ ದಿನಾನೂ ಕೊಟ್ಟೆ. ನಮ್ಮ ಪದ್ಧತಿ ಉಳೀತು.”

ಕಲ್ಪನಳ ಕೈಯಲ್ಲಿ ಸೌಟು ಹಾಗೇ ನಿಂತಿತು. ನರಸಮ್ಮ ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದಳು. ‘ನೀನೂ ಅಷ್ಟೇನಾ?’ ಎಂದು ಆ ತಗ್ಗಿದ ತಲೆಯೇ ಕೇಳುತ್ತಿತ್ತು.

“ನಾನು ಓಗಿದ್ದು ಒಂದೇ ದಿನ,” ಎಂದಳು.

ಎಲ್ಲರೂ ಕಾಂತರಾಜನ ಕಡೆ ನೋಡಿದರು. ಎರಡನೇ ದಿನವೂ ಅವಳು ಬಂದಿದ್ದಳು ಎಂದು ಮುನಿಶಾಮಪ್ಪನಿಗೆ ಹೇಳಿದವನು ಅವನೇ. ಅಮ್ಮ ಬಂಗಾರಪೇಟೆಗೆ ಹೋಗಿದ್ದ ದಿನ, ಯಾರೂ ನೋಡದಾಗ, ಕಲ್ಪನಳ ಪಾಲಿನ ಕೆಲಸವನ್ನೂ ತಾನೇ ಮಾಡಿ ಮುಗಿಸಿದ್ದ. ಈಗ ನಿಜ ಹೇಳಿದರೆ ಉಳಿದ ಎಂಟು ಜನವೂ ಹಾರೆ ಎತ್ತಿಕೊಂಡು ಹೊರಡುತ್ತಾರೆ, ಹನ್ನೆರಡು ಸಾಲು ಬಾಕಿ ಇದೆ, ಕಾಯಿ ನೆಲ ಮುಟ್ಟುತ್ತಿದೆ. ಇಷ್ಟೆಲ್ಲ ಅವನ ತಲೆಯಲ್ಲಿ ಓಡಿತು. ಅವನು ಮತ್ತೆ ಸುಮ್ಮನಿದ್ದ.

ಎರಡನೇ ಸಲ.

ಕೆಲಸ ನಿಲ್ಲಿಸಿ, ಊಟ ಮಾಡಿ ಎಲ್ಲರೂ ಹೊರಡಿ ಎಂದು ಕಲ್ಪನ ಮೆಲ್ಲಗೆ ಹೇಳಿದಳು. ಜನ ಮುಖ ಮುಖ ನೋಡಿಕೊಂಡು ಹೋದರು. ಅವನು ಒಬ್ಬನೇ ಉಳಿದ. ನಿಮ್ಮ ಗಿಡ ಉಳಿಯಲಿ ಎಂದೇ ಮಾಡಿದೆ ಎಂದ.

“ಗಿಡ ಓಗ್ಲಿ, ಮುಂದಿನ ಸಲ ನೆಡ್ತೀನಿ,” ಎಂದಳು. “ನನ್ನ ಮಾತು ನಂಬ್ಕೊಂಡು ನರಸಮ್ಮಕ್ಕ ಕಾಯ್ತಿದ್ರು. ಅವ್ರ ಮುಂದೆ ನನ್ನನ್ನ ಅರ್ಧ ಮಾಡಿದ್ದು ಮುನಿಶಾಮಪ್ಪ ಅಲ್ಲ. ನೀವು.”

ಅವನು ಹೋದ ಮೇಲೆ ಒಂಬತ್ತು ಎಂಜಲು ಎಲೆಗಳನ್ನು ಎತ್ತಿದಳು. ಅಷ್ಟು ಒಂಟಿತನ ಅವಳಿಗೆ ಅಪ್ಪ ಹೋದ ದಿನವೂ ಆಗಿರಲಿಲ್ಲ. ಆವತ್ತು ಯಾರೂ ಇರಲಿಲ್ಲ, ಇವತ್ತು ಒಬ್ಬರು ಇದ್ದು ಹೋದರು.

ಮುಂದಿನ ನಾಲ್ಕು ದಿನ ಅವಳು ಒಂದೊಂದೇ ಸಾಲು ಎತ್ತಿ ಕಟ್ಟಿದಳು. ಕಟ್ಟದ ಸಾಲಿನಲ್ಲಿ ಕಾಯಿ ಕೊಳೆಯಲು ಶುರುವಾಗಿತ್ತು. ಅವನು ದಾರಿಯಲ್ಲಿ ಎರಡು ಸಲ ಸಿಕ್ಕಿದ. ಅವಳು ನಿಲ್ಲಲಿಲ್ಲ. ಮನೆಗೆ ಬಂದು, ನಿಲ್ಲಬೇಕಿತ್ತಾ ಎಂದು ಕೆಂಪಿಯನ್ನು ಕೇಳಿದಳು.

ಐದನೇ ದಿನ ಬೆಳಗ್ಗೆ ಡೈರಿಯ ಮುಂದೆ ಊರಿಗೆ ಊರೇ ಹಾಲಿನ ಕ್ಯಾನ್ ಹಿಡಿದು ನಿಂತಿತ್ತು. ಕಲ್ಪನ ಸಾಲಿನ ಕೊನೆಯಲ್ಲಿದ್ದಳು. ಹಾಲಿಲ್ಲದೆ ಬರಿಗೈಯಲ್ಲಿ ಬಂದ ಕಾಂತರಾಜ್ ನೆಟ್ಟಗೆ ಮುನಿಶಾಮಪ್ಪನ ಮುಂದೆ ಹೋಗಿ ನಿಂತ.

“ನಾನು ಸುಳ್ಳು ಏಳಿದ್ದೆ ಅಣ್ಣ. ಕಲ್ಪನ ಒಂದೇ ದಿನ ಬಂದಿದ್ರು. ಮಾತಾಗಿದ್ದೂ ಅಷ್ಟೇ. ಎರಡನೇ ದಿನ ಮಾಡಿದ್ದು ನಾನು.”

ಹಾಗಾದರೆ ಇನ್ನು ನಿನ್ನ ಹೊಲಕ್ಕೂ ಯಾರೂ ಬರುವುದಿಲ್ಲ ಎಂದ ಮುನಿಶಾಮಪ್ಪ.

“ಬ್ಯಾಡ ಬಿಡಿ. ಅವತ್ತು ನಿಮ್ಮ ಒಲದಲ್ಲಿ ಅವ್ರದ್ದೂ ನಂದೂ ಒಂದೇ ಸಲ ಮುಗೀತು. ಅವ್ರು ಅರ್ಧ ಆಳು ಅಂದ್ರೆ ನಾನೂ ಅರ್ಧ ಆಳೇ. ಅಂಗೇ ಲೆಕ್ಕ ಇಟ್ಕೊಳ್ಳಿ.” ಅವನ ದನಿ ನಡುಗುತ್ತಿತ್ತು. ಭಯ ಹೋಗಿರಲಿಲ್ಲ, ಭಯದಲ್ಲೇ ಹೇಳುತ್ತಿದ್ದ. ಅದು ಕಲ್ಪನಳಿಗೆ ಗೊತ್ತಾಯಿತು.

ಅವಳು ಎಂದಿನಂತೆ ಹಾಲು ಹಾಕಿ ಮನೆಗೆ ಹೋದಳು. ಆದರೆ ಅವತ್ತು ಬಾಗಿಲು ಹಾಕಿಕೊಂಡು ಹೊಟ್ಟೆ ತುಂಬ ಅತ್ತಳು.

ಮರುದಿನ ಹೊಲಕ್ಕೆ ಬಂದರೆ ನರಸಮ್ಮ ಆಗಲೇ ಹಾರೆ ಹಿಡಿದು ಗುಳಿ ತೋಡುತ್ತಿದ್ದಳು. ಜೊತೆಗೆ ರಾಧ. “ಒಂದಕ್ಕೆ ಒಂದು. ನಾಳೆ ನನ್ನ ಒಲಕ್ಕೆ ಬಾ,” ಎಂದಳು ನರಸಮ್ಮ, ಬೆನ್ನು ನೆಟ್ಟಗೆ ಮಾಡದೆಯೇ.

ಅಂಚಿನಲ್ಲಿ ಇನ್ನೊಬ್ಬ ನಿಂತಿದ್ದ. ಒಳಗೆ ಕಾಲಿಟ್ಟಿರಲಿಲ್ಲ.

“ಬರ್ಲಾ?”

“ಆರೆ ತಂದಿದ್ದೀರಲ್ಲ,” ಎಂದಳು ಕಲ್ಪನ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಸಾಲಿಗೆ ಬಂದಿದ್ದರು. ಎರಡು ಸಾಲು ಕಾಯಿ ಕೊಳೆತು ಹೋಗಿತ್ತು, ಅದನ್ನು ಕಿತ್ತು ಬದಿಗೆ ಹಾಕಿದರು. ಮುನಿಶಾಮಪ್ಪ ಬರಲಿಲ್ಲ. ಅವನ ಹೊಲಕ್ಕೆ ದಾರ ಕಟ್ಟಲು ಹೆಂಗಸರು ಬೇಕೇ ಬೇಕು, ಆಗ ಯಾವ ಲೆಕ್ಕ ಹೇಳುತ್ತಾನೋ ನೋಡೋಣ ಎಂದು ರಾಧ ನಕ್ಕಳು. ಆಮೇಲೆ ಅವಳೂ ನರಸಮ್ಮನೂ ಬುತ್ತಿ ಹಿಡಿದು, ಬೇಕೆಂದೇ ದೂರದ ಮರದ ಕೆಳಗೆ ಹೋಗಿ ಕುಳಿತರು.

ಕಾಂತರಾಜ್ ಡಬ್ಬಿ ಬಿಚ್ಚಿದ. ಎರಡು ಮುದ್ದೆ, ಬಸ್ಸಾರು. ಕಲ್ಪನ ಚೀಲದಿಂದ ತಟ್ಟೆ ತೆಗೆದು ಅವನ ಮುಂದಿಟ್ಟಳು. ಅಪ್ಪನ ತಟ್ಟೆ. ಬೆಳಗ್ಗೆ ಯಾಕೆ ಚೀಲಕ್ಕೆ ಹಾಕಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು ಬಿಡಿ.

“ನಮ್ಮನೆಗೆ ಬಂದ್ಬಿಡಿ ಅಂತ ಕೇಳ್ಬೇಕು ಅನ್ಕೊಂಡಿದ್ದೆ,” ಎಂದ ಅವನು ತಟ್ಟೆ ನೋಡುತ್ತಾ. “ನೀವು ಅಂದ್ರೆ ನಂಗೆ ಇಷ್ಟ. ಒಂದೇ ಮನೆ ಆದ್ರೆ ಈ ಮುಯ್ಯಿ ಲೆಕ್ಕಾನೇ ಇರಲ್ಲ.”

ಕಲ್ಪನ ಬುತ್ತಿಯ ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು.

“ಅದೇ ಭಯ ನಂಗೆ. ಒಲದಲ್ಲಿ ಅರ್ಧ ಅಂತಾದ್ರೂ ಎಣಿಸ್ತಾರೆ. ಎಂಡ್ತಿ ಮಾಡಿದ್ದನ್ನ ಯಾರೂ ಎಣಿಸೋದೇ ಇಲ್ಲ.”

ಅವನು ಇದನ್ನು ಯೋಚಿಸಿರಲಿಲ್ಲ. ಮುಖದಲ್ಲೇ ಕಾಣುತ್ತಿತ್ತು. ಸುಮ್ಮನಾದ... ಮೂರನೇ ಸಲವೂ ಸುಮ್ಮನೇ ಇದ್ದುಬಿಡುತ್ತಾನಾ ಎಂದು ಅವಳು ಅವನ ಮುಖವನ್ನೇ ನೋಡಿದಳು.

“ಅಂಗಾದ್ರೆ ಎಣಿಸೋಣ,” ಎಂದ. “ಒಲೆ ಮುಂದೆ ಒಂದು ದಿನ ನೀವು, ಒಂದು ದಿನ ನಾನು. ಇವತ್ತಿನ ಮುದ್ದೆ ಅಮ್ಮ ಮಾಡಿದ್ದಲ್ಲ. ನಾನೇ.”

ಕಲ್ಪನ ಮುದ್ದೆ ಮುರಿದಳು. ಒಳಗೆಲ್ಲ ಗಂಟು, ಹಸಿ ಹಿಟ್ಟು. ಒಂದು ತುತ್ತು ಸಾರಿಗೆ ಅದ್ದಿ ನುಂಗಿದಳು. ನಗುವೂ ಬಂತು, ಅಳುವೂ ಬಂತು.

“ಎಂಗೈತೆ?”

“ಇದನ್ನ ಅರ್ಧ ಮುದ್ದೆ ಅಂತ್ಲೇ ಎಣಿಸ್ತೀನಿ.”

ದೂರದ ಮರದ ಕೆಳಗೆ ನರಸಮ್ಮ ಏನೋ ಅಂದಳು, ರಾಧ ಕಿಸಕ್ಕೆಂದಳು.

“ನಾಳೆ ನಾನು ಮಾಡ್ತೀನಿ, ನೋಡಿ ಕಲ್ತ್ಕೋ,” ಎಂದಳು ಕಲ್ಪನ. ‘ನೀವು’ ಎಲ್ಲಿ ಕಳೆದುಹೋಯಿತೋ ಇಬ್ಬರೂ ಹುಡುಕಲಿಲ್ಲ.

“ಲೆಕ್ಕ ಸಮ ಆಗ್ಬಿಟ್ರೆ?” ಎಂದ ಅವನು. “ಆಮೇಲೆ ಬರೋಕೆ ಕಾರಣ ಬೇಕಲ್ಲ.”

“ಯಾವಾಗ್ಲೂ ಒಂದು ದಿನ ಬಾಕಿ ಇಟ್ಕೊಳ್ಳೋಣ.”

“ಯಾರ್ದು?”

ಕಲ್ಪನ ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

“ಒಂದ್ಸಲ ನಿಂದು, ಒಂದ್ಸಲ ನಂದು.”