ಕೆಳಗಿನ ಯಜಮಾನರ ಪಾಲಿನ ಗಂಡು

ಮೂರನೆಯ ಸಲ ಹೆಸರು ಹಿಡಿದು ಕೂಗಿದಾಗ ಸತ್ತವನು ಓಗೊಟ್ಟ.

"ಏನು?"

ಫಿಲಿನ್ನಾಳ ಕೈಯಿಂದ ಹೂಜಿ ಜಾರಿ ಅರ್ಧ ಹಾಲು ಚೆಲ್ಲಿತು. ಅವಳು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಯಾರಿಗಿದ್ದೀತು?

ಮಟಮಟ ಮಧ್ಯಾಹ್ನ. ಕಡಲಂಚಿನ ತೈನಾರೊಸ್ ಬಂಡೆಗಳ ಮೇಲೆ ಒಂದು ಮೇಕೆಯೂ ಇರಲಿಲ್ಲ. ಎದುರಿಗೆ ತೆಲೆಸೋನನ ಸಮಾಧಿ, ಆದರೆ ಅದರೊಳಗೆ ಹೆಣವಿಲ್ಲ. ಚಿಪ್ಪುಮೀನು ಹಿಡಿಯಲು ಹೋದ ಅವನ ದೋಣಿ ಚಳಿಗಾಲದ ಬಿರುಗಾಳಿಗೆ ಒಡೆದುಹೋಯಿತೆಂದು ಸುದ್ದಿ ಬಂದಿತ್ತು. ಹೆಣ ಸಿಗದವರಿಗೆ ಬರಿಯ ಗುಂಡಿ ಮುಚ್ಚಿ, ಹಾಲುಜೇನು ಸುರಿದು, ಮೂರು ಸಲ ಹೆಸರು ಕೂಗುವುದು ನಮ್ಮ ಕಡೆಯ ಪದ್ಧತಿ. ಅವನಿಗೆ ನಿಶ್ಚಯವಾಗಿದ್ದ ಹುಡುಗಿ ಇವಳು, ಹಾಗಾಗಿ ತಿಂಗಳಿಗೊಮ್ಮೆ ಬಂದು ಕೂಗುತ್ತಿದ್ದಳು.

ಕೂಗುವುದು ಪದ್ಧತಿ. ಉತ್ತರ ಬರುವುದು ಪದ್ಧತಿಯಲ್ಲ.

"ಫಿಲಿನ್ನಾ, ನಾನೇ ಕಣೇ. ಹೊಟ್ಟೆ ಹಸೀತಿದೆ."

ಕೊನೆಗೂ ತಿರುಗಿದಳು. ಕೆದರಿದ ಗಡ್ಡ, ಉಪ್ಪುಗಟ್ಟಿದ ಕೂದಲು, ಕುಂಟುವ ಕಾಲು. ಅವನು ಬಗ್ಗಿ ಹೂಜಿ ಎತ್ತಿ ಉಳಿದ ಹಾಲನ್ನು ಗಟಗಟನೆ ಕುಡಿದ.

'ಅಯ್ಯೋ... ಅದು ಸತ್ತವರ ಪಾಲಿನ ಹಾಲು. ಸತ್ತವರ ಹಾಗೇ ಕುಡೀತಿದಾನೆ...'

"ಕೆ... ಕೆಳಗಿನ ಯಜಮಾನ್ರು ಕಳಿಸಿದ್ರಾ ನಿನ್ನ?"

ಸತ್ತವರ ದೊರೆ ಹೇಡಿಸ್‌ನ ಹೆಸರನ್ನು ನಮ್ಮೂರಿನಲ್ಲಿ ಯಾರೂ ನಾಲಿಗೆಗೆ ತರುವುದಿಲ್ಲ. ಪಾತಾಳದ ಬಾಗಿಲು ಊರ ಕೆಳಗಿನ ಗುಹೆಯಲ್ಲೇ ಇರುವಾಗ, ಹೆಸರೆತ್ತಿ ಅವರನ್ನು ಕರೆಸಿಕೊಳ್ಳುವುದು ಯಾರಿಗೆ ಬೇಕು?

"ಕಳಿಸಿದ್ದು ಕ್ರೀಟ್‌ನ ಒಬ್ಬ ಉಪ್ಪಿನ ವ್ಯಾಪಾರಿ. ಕಾಲು ಮುರ್ಕೊಂಡು ಐದು ತಿಂಗಳು ಅವನ ಕೊಟ್ಟಿಗೇಲಿ ಬಿದ್ದಿದ್ದೆ."

ಅಷ್ಟರಲ್ಲಿ ಒಂದು ನೊಣ ಅವನ ಕತ್ತಿನ ಮೇಲೆ ಕೂತಿತು. ಅವನು ಪಟ್ಟನೆ ಹೊಡೆದುಕೊಂಡು ಬೈದ. ದೆವ್ವಕ್ಕೆ ನೊಣದ ಕಾಟ ಇರುತ್ತದೆಯೇ? ಬದುಕಿದ್ದಾನೆ! ಫಿಲಿನ್ನಾಳಿಗೆ ಅಳು ಉಕ್ಕಿತು. ಅವನು ಕೈ ಚಾಚಿದ. ಅವಳೂ ಚಾಚಿದವಳು, ಏನೋ ನೆನಪಾಗಿ ಹಿಂತೆಗೆದುಕೊಂಡಳು.

ಸಾವಿನ ಕರ್ಮ ಮುಗಿದವನು ಕೆಳಗಿನವರ ಸ್ವತ್ತು. ಬದುಕಿ ಬಂದರೂ ಅವನನ್ನು ಮುಟ್ಟುವಂತಿಲ್ಲ, ಒಲೆಯ ಹತ್ತಿರ ಸೇರಿಸುವಂತಿಲ್ಲ. ಮದುವೆಯಂತೂ ದೂರದ ಮಾತು.

ಇಬ್ಬರೂ ಊರಿಗೆ ಬಂದಾಗ, ಬಾವಿಯ ಹತ್ತಿರ ಅವನನ್ನು ಕಂಡ ಹೆಂಗಸರು ಕೊಡ ಬಿಟ್ಟು ಓಡಿದರು. ಅವನ ತಾಯಿ ಗೊರ್ಗೊ ಬಾಗಿಲಿಗೆ ಅಗುಳಿ ಹಾಕಿಕೊಂಡು ಒಳಗಿನಿಂದಲೇ ಕೇಳಿದಳು.

"ಅಲ್ಲಿ ಏನಾದ್ರೂ ತಿಂದ್ಯಾ?" ಕೆಳಗಿನವರ ತುತ್ತು ತಿಂದವರು ಮತ್ತೆ ಮೇಲೆ ಬರುವಂತಿಲ್ಲ.

"ಬಾರ್ಲಿ ರೊಟ್ಟಿ ಅಮ್ಮಾ. ನಿನ್ನ ರೊಟ್ಟಿಗಿಂತ ಗಟ್ಟಿ."

ಒಳಗೆ ಬಿಕ್ಕಿದ ಸದ್ದಾಯಿತು. ಆದರೆ ಅಗುಳಿ ಸರಿಯಲಿಲ್ಲ.

ದೂರದಲ್ಲಿ ಗುಂಪುಗೂಡಿದ್ದ ಹೆಂಗಸರಲ್ಲಿ ಹಿರಿಯಳೊಬ್ಬಳು ಕೂಗಿ ಹೇಳಿದಳು. "ಮತ್ತೆ ಹುಟ್ಬೇಕಪ್ಪಾ ನೀನು. ಯಾರಾದ್ರೂ ಒಬ್ಳು ಹಸುಗೂಸಿನ ಹಾಗೆ ಮೈ ತೊಳೆದು, ಬಟ್ಟೇಲಿ ಸುತ್ತಿ, ಎದೆಗೆ ಹಿಡ್ಕೋಬೇಕು. ಹಾಗಾದ್ರೆ ಮಾತ್ರ ಬದುಕಿರೋರ ಲೆಕ್ಕ."

"ಯಾರು ತೊಳೀತೀರಿ?"

ಒಬ್ಬರೂ ಮುಂದೆ ಬರಲಿಲ್ಲ. ಕೆಳಗಿನವರ ಬಾಯಿಂದ ತುತ್ತು ಕಸಿಯಲು ಯಾರು ಬಂದಾರು? ತೆಲೆಸೋನ ಫಿಲಿನ್ನಾಳ ಕಡೆ ನೋಡಿದ.

"ನೀನು?"

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನನ್ನಿಂದ... ನನ್ನಿಂದ ಆಗಲ್ಲ." ಇನ್ನೂ ಹೇಳುವುದಿತ್ತು. ಊರ ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು.

"ನೀನೂ ಹೆದರ್ಕೊಂಡ್ಯಾ? ಸರಿ. ಮೇಲಿನವರಿಗೆ ಬೇಡವಾದ್ರೆ ಕೆಳಗಿನವರ ಹತ್ರಾನೇ ಹೋಗ್ತೀನಿ." ಕುಂಟುತ್ತಾ ಗುಹೆಯ ದಾರಿ ಹಿಡಿದ.

'ನಿಲ್ಲು ತೆಲೆಸೋನ್... ನೀನು ತಿಳ್ಕೊಂಡಿರೋದು ತಪ್ಪು...'

ಫಿಲಿನ್ನಾ ಗೊರ್ಗೊಳ ಬಾಗಿಲನ್ನು ಎರಡೂ ಕೈಯಿಂದ ಬಡಿದಳು.

"ಅತ್ತೆ, ಬಾಗಿಲು ತೆಗೀರಿ. ಅವನು ಗುಹೆಗೆ ಹೊರಟ."

"ನೀನೇ ತೊಳಿ ಹೋಗೇ. ಅಷ್ಟು ಪ್ರೀತಿ ಇದ್ರೆ."

"ನಾನು ತೊಳೆದ್ರೆ ನಾನೇ ಅವನ ತಾಯಿ ಆಗ್ತೀನಿ ಅತ್ತೆ! ಆಮೇಲೆ ಮದುವೆ ಆಗೋದು ಹೇಗೆ?"

ಬಾಣಂತಿ ಕೋಣೆಯ ಈ ನಿಯಮ ಗಂಡಸರಿಗೆ ಗೊತ್ತಿರುವುದಿಲ್ಲ. ತೆಲೆಸೋನನಿಗೂ ಗೊತ್ತಿರಲಿಲ್ಲ.

"ಕೊಟ್ಟಿದ್ದನ್ನ ವಾಪಸ್ ಕೇಳಿದ್ರೆ ಅವರು ಇನ್ನೊಬ್ಬರನ್ನ ಎಳ್ಕೋತಾರೆ," ಅಂದಳು ಗೊರ್ಗೊ. "ಈ ಮನೇಲಿ ಉಳಿದಿರೋದು ನಾನೊಬ್ಳೇ ಕಣೇ. ನಂಗೆ ಭಯ."

"ನಂಗೂ ಭಯಾನೇ. ಆದ್ರೆ ಕೆಳಗಿನ ಯಜಮಾನ್ರು ತಮ್ಮ ಹೆಂಡ್ತೀನೇ ವರ್ಷಾ ವರ್ಷಾ ತವರಿಗೆ ಕಳಿಸ್ತಾರಲ್ಲ, ಯಾಕೆ? ಅವಳ ತಾಯಿ ಹಟ ಹಿಡಿದು ಕೇಳಿದ್ಲು. ನೀವು ಒಂದು ಸಲನಾದ್ರೂ ಕೇಳಿದ್ರಾ?"

"ಅವಳು ದೇವಿ. ನಾನು ಮೀನಿಗೆ ಉಪ್ಪು ಹಾಕೋಳು."

"ತಾಯಿ ತಾಯೀನೇ ಅತ್ತೆ."

ಅಗುಳಿ ಸರಿಯಿತು. ಗೊರ್ಗೊಳ ಕಂಕುಳಲ್ಲಿ ಹಾಸಿಗೆಯ ಬಟ್ಟೆ ಇತ್ತು.

ಗುಹೆಯ ಬಾಯಿಂದ ಆ ಬಿಸಿಲಲ್ಲೂ ತಣ್ಣನೆಯ ಗಾಳಿ ಬರುತ್ತಿತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು ನಿಂತರು. ಗೊರ್ಗೊ ಕತ್ತಲಿನ ಕಡೆ ಮುಖ ಮಾಡಿದಳು.

"ಯಜಮಾನ್ರೇ... ಹೆಣ ನೋಡದೆ ಅವಸರದಲ್ಲಿ ಕೊಟ್ಬಿಟ್ಟೆ. ತಪ್ಪು ನಂದು. ನನ್ನ ಮಗನ್ನ ನಂಗೆ ಕೊಡಿ."

ಒಳಗೆಲ್ಲೋ ಒಂದು ಕಲ್ಲು ಉರುಳಿತು. ಏನೋ ನೆಲಕ್ಕೆ ಉಜ್ಜುತ್ತಾ ಹತ್ತಿರ ಬರುತ್ತಿತ್ತು. 'ಬರ್ತಿರೋದು ಅವನೋ... ಅವರೋ?' ಫಿಲಿನ್ನಾಳಿಗೆ ಓಡಿಹೋಗಬೇಕೆನಿಸಿತು. ಆದರೂ ಗೊರ್ಗೊಳ ಕೈ ಬಿಡಲಿಲ್ಲ.

ಕುಂಟುಗಾಲನ್ನು ಎಳೆಯುತ್ತಾ ತೆಲೆಸೋನ ಬೆಳಕಿಗೆ ಬಂದ. ಮಾತು ಹೊರಡುವ ಮೊದಲೇ ಗೊರ್ಗೊ ಅವನ ಗಡ್ಡ ಹಿಡಿದು ಎಳೆದಳು. ಆರು ತಿಂಗಳಲ್ಲಿ ನಮ್ಮೂರಿನವರು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಬಗ್ಗು. ತಲೆ ತೊಳೀಬೇಕು."

ಸಮುದ್ರದ ನೀರು ಸುರಿದು ಉಜ್ಜಿದಳು. ಕತ್ತಿನವರೆಗೆ ಬಟ್ಟೆ ಸುತ್ತಿ ಎದೆಗೊತ್ತಿಕೊಂಡು, ಈ ಸಲ ಬಾಯಿಬಿಟ್ಟೇ ಅತ್ತಳು. ನೆಲ ಬಿರಿಯಲಿಲ್ಲ. ಕೆಳಗಿನಿಂದ ಯಾರೂ ಬರಲಿಲ್ಲ. ಹೆತ್ತವಳು ದಣಿದು ಬಂಡೆಗೊರಗಿ ಕೂತಳು.

ಬಟ್ಟೆಯಲ್ಲಿ ಬಿಗಿಯಾಗಿದ್ದ ತೆಲೆಸೋನ ಫಿಲಿನ್ನಾಳನ್ನು ನೋಡಿದ.

"ಅಮ್ಮನ ಬಾಗಿಲ ಹತ್ರ ಯಾಕೆ ಹಿಂದೆ ಸರಿದೆ?"

"ನಿನಗೆ ತಾಯಿ ಆಗೋಕೆ ನಂಗಿಷ್ಟ ಇರ್ಲಿಲ್ಲ. ತೊಳೆದವಳೇ ತಾಯಿ ಆಗ್ತಾಳೆ. ಗೊತ್ತಾಯ್ತಾ ದಡ್ಡ?"

ಅವನಿಗೆ ನಿಧಾನವಾಗಿ ಅರ್ಥವಾಯಿತು. ಕಣ್ಣು ತುಂಬಿತು.

"ಮತ್ತೇನಾಗೋಕೆ ಇಷ್ಟ?"

"ಗೊತ್ತಿದ್ದೂ ಕೇಳ್ತೀಯಲ್ಲ... ಹೆಂಡ್ತಿ."

"ನಾನಿನ್ನೂ ಈಗ ಹುಟ್ಟಿದ ಕೂಸು."

"ಹತ್ತನೇ ದಿನ ಹೆಸರಿಡ್ತಾರೆ. ಹನ್ನೊಂದನೇ ದಿನ ಬಂದು ಕೇಳು. ಅಲ್ಲೀವರೆಗೂ ಕಾಯ್ತೀನಿ."

ಅವಳು ಅವನ ಕೆನ್ನೆಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು.

"ಕೈ ಯಾಕೆ ಇನ್ನೂ ತೆಗೀತಿಲ್ಲ?"

"ಮತ್ತೆ ಕಳ್ಕೊಂಡ್ರೆ ಅಂತ... ಸುಮ್ನೆ ಮಲ್ಕೋ. ಕೂಸು ಮಾತಾಡಬಾರ್ದು."