ಬಬೈ ಗುಂಡಿಯ ಗುಟ್ಟು

“ಷ್! ಬಾಯಿ ಮುಚ್ಚೇ, ಮರೀತಿ ಬರ್ತಿದಾಳೆ!”

ಅಜ್ಜ ಕೈಯಲ್ಲಿದ್ದ ಎಲೆಗಳನ್ನು ಸರಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟರು. ಮೊಮ್ಮಗಳು ತಿರೋಯಾಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮನೆಯ ಮರೀತಿ ಅವಳ ಕ್ಲಾಸಿನವಳೇ. ಬಂದವಳು ಕತ್ತು ಉದ್ದ ಮಾಡಿ ಗುಂಡಿಯೊಳಗೆ ಇಣುಕಿದಳು.

“ಅಜ್ಜಾ, ನಿಮ್ಮ ಬಬೈಗೆ ಏನು ತಿನ್ನಿಸ್ತೀರಾ? ನಮ್ಮವು ನನ್ನ ಸೊಂಟಕ್ಕೂ ಬರಲ್ಲ!”

“ಮುದ್ದು ಮಾಡ್ತೀವಮ್ಮಾ, ಅಷ್ಟೇ.”

ಮರೀತಿ ಮೂತಿ ತಿರುವಿಕೊಂಡು ಹೋದಳು.

ಬಬೈ ಅಂದರೆ ಆಳೆತ್ತರದ ಕೆಸು. ಅವರ ಪುಟ್ಟ ದ್ವೀಪದಲ್ಲಿ ಸಿಹಿನೀರು ಇರುವುದು ಮರಳಿನ ಅಡಿಯಲ್ಲಿ, ಅದೂ ತೆಳ್ಳಗೆ. ಆ ನೀರು ಸಿಗುವ ತನಕ ಗುಂಡಿ ತೋಡಿ ಬಬೈ ನೆಡುತ್ತಾರೆ. ತಿರೋಯಾಳ ಮನೆಯ ಗುಂಡಿ ತೋಡಿದ್ದು ಅಜ್ಜನ ಮುತ್ತಜ್ಜ. ಗೊಬ್ಬರಕ್ಕೆ ಯಾವ ಎಲೆ, ಎಷ್ಟು ಒಣಗಿಸಬೇಕು ಅನ್ನುವುದೆಲ್ಲ ಆಯಾ ಮನೆಯ ಗುಟ್ಟು. ಅಜ್ಜ ಅದನ್ನು ತಿರೋಯಾಳ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದರು.

ಅದೇ ಈಗ ಅವಳಿಗೆ ಪೇಚಾಟವಾಗಿತ್ತು. ಶಾಲೆಯಲ್ಲಿ ಟೀಚರ್ ‘ನಮ್ಮ ಹಿರಿಯರ ವಿಜ್ಞಾನ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಅಲೆ ನೋಡಿ ದೋಣಿ ನಡೆಸುವ ತನ್ನ ಮಾವನ ಬಗ್ಗೆ ಹೇಳಿ ಮರೀತಿ ಚಪ್ಪಾಳೆ ಗಿಟ್ಟಿಸಿದ್ದಳು.

“ನಾನೂ ಹೇಳ್ತೀನಜ್ಜಾ. ಪ್ಲೀಸ್!”

“ಹೇಳು ನೋಡೋಣ. ನಿನ್ನ ನಾಲಿಗೇನೂ ಗೊಬ್ಬರಕ್ಕೆ ಹಾಕ್ತೀನಿ!”

ಆ ತಿಂಗಳ ಹುಣ್ಣಿಮೆಯ ದಿನ ಸಮುದ್ರ ಉಕ್ಕಿತು. ದಡದ ಕಲ್ಲಿನ ಗೋಡೆ ಹಾರಿ, ರಸ್ತೆ ದಾಟಿ, ನೀರು ಸೀದಾ ಗುಂಡಿಗೆ ನುಗ್ಗಿತು. ಅಜ್ಜ ಬಕೆಟ್ ಹಿಡಿದು ಗುಂಡಿಗಿಳಿದರು. ಅವರು ತುಂಬಿ ಕೊಟ್ಟಿದ್ದನ್ನು ತಿರೋಯಾ ದೂರ ಒಯ್ದು ಚೆಲ್ಲಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೊಗೆದಷ್ಟೂ ನೀರು ತುಂಬುತ್ತಲೇ ಇತ್ತು, ಹಾಳಾದ್ದು!

ಅಜ್ಜ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

“ಮಳೆ ಬಂದ್ರೆ ಉಪ್ಪು ತೊಳ್ದು ಹೋಗುತ್ತೆ ಪುಟ್ಟಿ. ನಾನು ಹುಡುಗ ಆಗಿದ್ದಾಗ್ಲೂ ಹೀಗೇ ಆಗಿತ್ತು.”

ಮಳೆಯೇನೋ ಬಂತು. ಆದರೆ ದಿನಾ ನೀರಿನ ರುಚಿ ನೋಡಿದಾಗಲೆಲ್ಲ ಅಜ್ಜನ ಮುಖ ಸಪ್ಪಗಾಗುತ್ತಿತ್ತು. ಎಲೆಗಳು ಹಳದಿಯಾಗಿ ಜೋತುಬಿದ್ದವು. ಗೆಡ್ಡೆ ಒತ್ತಿದರೆ ಬೆರಳು ಒಳಗೇ ಹೋಗುತ್ತಿತ್ತು, ಕೊಳೆತ ವಾಸನೆ. ಮುಂದಿನ ಹುಣ್ಣಿಮೆಗೆ ಸಮುದ್ರ ಮತ್ತೆ ಬಂತು. ಆ ಸಲ ಅಜ್ಜ ಬಕೆಟ್ ಮುಟ್ಟಲೇ ಇಲ್ಲ.

ಸೋಮವಾರ ಅಜ್ಜ ಚರ್ಚಿಗೆ ಹಾಕುವ ಬಿಳಿ ಅಂಗಿ ತೊಟ್ಟು ಶಾಲೆಗೆ ಬಂದುಬಿಟ್ಟರು! ಬಗಲಲ್ಲಿ ಎಲೆಗಳ ಬುಟ್ಟಿ.

“ಬಬೈ ಬೆಳೆಸೋದು ಹೇಳ್ತೀನಿ. ಬರ್ಕೊಳ್ಳಿ ಮಕ್ಳೇ.”

“ಅಜ್ಜಾ, ಅದು ನಿಮ್ಮ ಮನೆ ಗುಟ್ಟಲ್ವಾ?” ಟೀಚರ್ ಕೇಳಿದರು.

“ಇನ್ನೆಂಥಾ ಗುಟ್ಟಮ್ಮಾ,” ಎಂದರು ಅಜ್ಜ.

ಯಾವ ಎಲೆ ನೆರಳಲ್ಲಿ ಒಣಗಬೇಕು, ಯಾವುದನ್ನು ಕಪ್ಪು ಮಣ್ಣಿನ ಜೊತೆ ಬೆರೆಸಬೇಕು, ಗಿಡದ ಬುಡಕ್ಕೆ ಬೇಲಿ ಹೇಗೆ ಹೆಣೆಯಬೇಕು, ಎಲ್ಲ ಹೇಳಿದರು. ತಿರೋಯಾ ಹಿಗ್ಗಿಹೋದಳು. ಇಡೀ ಕ್ಲಾಸು ಅವಳ ಅಜ್ಜನನ್ನೇ ನೋಡುತ್ತಿತ್ತಲ್ಲ!

ಆಮೇಲೆ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕಿಟಕಿಗಳೆಲ್ಲ ತೆರೆದಿದ್ದವು. ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಅಜ್ಜ ಒಮ್ಮೆಯೂ ಅತ್ತ ತಿರುಗಿ ನೋಡಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ಇನ್ನು ತಮ್ಮ ಗುಂಡಿಯಲ್ಲಿ ಬಬೈ ನೆಡುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

“ಏಯ್, ದೀವಿಹಲಸಿನ ಎಲೆ ಆದ್ಮೇಲೆ ಏನಂದ್ರು?” ಮರೀತಿ ಮೊಣಕೈಯಿಂದ ತಿವಿದಳು.

ತಿರೋಯಾ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, ಅಜ್ಜ ತನಗೆ ಹೇಳುತ್ತಿದ್ದ ಹಾಗೆಯೇ, ಮರೀತಿಯ ಕಿವಿಗೆ ಬಾಯಿಟ್ಟು, ಬೇರೆ ಯಾರಿಗೂ ಕೇಳಿಸದ ಹಾಗೆ, ಮೆಲ್ಲಗೆ ಹೇಳಿದಳು.