ಗೋಣಿಮರದ ಮೊಳೆ

“ಆ ಮರ ಒಂದಕ್ಕೆ ಹಗ್ಗ ಕಟ್ಟಬೇಡಿ ಸಿದ್ದಪ್ಪನೋರೆ. ಬೇಕಾದ್ರೆ ಕತ್ತಲಾಗೋವರೆಗೂ ಇಲ್ಲೇ ಹೂತ್ಕೊಂಡಿರೋಣ,” ಎಂದ, ತನ್ನ ಜೀಪು ಕೆಟ್ಟದ್ದರಿಂದ ಅವತ್ತು ಅವನ ಜೊತೆ ಬಂದಿದ್ದ ಚಲುವರಾಜು.

ರೇವಣಸಿದ್ದಪ್ಪ ನಕ್ಕ. ನಗದೆ ಇನ್ನೇನು ಮಾಡಿಯಾನು? ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಎಂಜಿನಿಯರಾಗಿದ್ದವನು. ಅಳತೆಗೆ ಸಿಗದ್ದು ಲೋಕದಲ್ಲಿ ಯಾವುದೂ ಇಲ್ಲವೆಂದು ನಂಬಿದ್ದವನು. ಅವನ ಜೀಪು ಇಳಿಜಾರಿನ ತಿರುವಿನಲ್ಲಿ ಅಚ್ಚಿನವರೆಗೆ ಕೆಸರಿನಲ್ಲಿ ಕೂತಿತ್ತು. ನಾಲ್ಕೂ ಚಕ್ರ ತಿರುಗಿದರೂ ಒಂದು ಗೇಣು ಕದಲಲಿಲ್ಲ.

ಜಯನಗರದ ಜೀಪು ಕ್ಲಬ್ಬೆಂದರೆ ಆಗ ಆರೇ ಗಾಡಿ. ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪುಗಳನ್ನು ತಂದು, ಗ್ಯಾರೇಜಿನಲ್ಲಿ ಜೀವ ಬರಿಸಿಕೊಂಡ ಆರು ಜನ. ಭಾನುವಾರ ಬೆಳಗಾಯಿತೆಂದರೆ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನ ಮುಂದೆ ಸೇರಿ ಕಾಫಿ ಕುಡಿದು, ಕನಕಪುರ ರಸ್ತೆ ಹಿಡಿದು ಯಾವುದಾದರೂ ಬೆಟ್ಟ ಹತ್ತಿ, ಸಂಜೆಗೆ ಮೈತುಂಬ ಕೆಸರು ಬಳಿದುಕೊಂಡು ಬಂದು ಹೆಂಡಂದಿರ ಕೈಲಿ ಬೈಸಿಕೊಳ್ಳುತ್ತಿದ್ದರು. ಅದು ಎಂಬತ್ಮೂರನೆಯ ಇಸವಿಯ ಆಗಸ್ಟ್. ರೇವಣಸಿದ್ದಪ್ಪ ಕ್ಲಬ್ಬಿಗೆ ಹೊಸಬ. ಎಮ್ಮೆಗುಂಡಿ ಬೆಟ್ಟಕ್ಕೆ ಬಂದದ್ದು ಅದೇ ಮೊದಲು. ಆದರೆ ವಿಂಚು ಇದ್ದದ್ದು ಅವನ ಜೀಪಿಗೆ ಮಾತ್ರ. ಮೂತಿಯ ಮೇಲೆ ಕೂರಿಸಿದ ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗದ ತುದಿಯನ್ನು ಮರಕ್ಕೆ ಬಿಗಿದು ಉರುಳೆ ತಿರುಗಿಸಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಅದರ ಮೇಲೆ ಅವನಿಗೆ ಮಗನ ಮೇಲಿರುವಷ್ಟು ಹೆಮ್ಮೆ.

ತಿರುವಿನಲ್ಲಿದ್ದದ್ದು ಒಂದೇ ಮರ. ಆಲದ ಜಾತಿಯ ದೊಡ್ಡ ಗೋಣಿಮರ. ಮಧ್ಯಾಹ್ನ ಎರಡು ಗಂಟೆಗೂ ಅದರ ಕೆಳಗೆ ದೀಪ ಬೇಕೆನ್ನುವಷ್ಟು ಕತ್ತಲು. ಬೊಡ್ಡೆಯ ತುಂಬ ಮೊಳೆಗಳು. ಹಳೆಯವನ್ನು ತೊಗಟೆಯೇ ನುಂಗಿತ್ತು. ಬರೀ ತಲೆಗಳು ತುಕ್ಕು ಹಿಡಿದು ಕಾಣುತ್ತಿದ್ದವು. ಮರದ ಪಕ್ಕದ ಗುಡಿಸಲಿನಿಂದ ಒಂದು ಕಣ್ಣಿಗೆ ಪೊರೆ ಬಂದ ಮುದುಕಿಯೊಬ್ಬಳು ಎದ್ದು ಬಂದಳು. ಸಪ್ಪಲಮ್ಮ. ಮಾಟ ತಗುಲಿದವರು ಅವಳ ಹತ್ತಿರ ಬಂದರೆ, ಆ ಮಾಟವನ್ನು ಮೊಳೆಯಲ್ಲಿ ಕಟ್ಟಿ ಮರಕ್ಕೆ ಹೊಡೆಯುವವಳು.

“ಬ್ಯಾಡ ಕಣಪ್ಪ. ಒಂದೊಂದು ಮೊಳೇಲೂ ಒಂದೊಂದು ಮನೆ ನಿಂತದೆ.”

“ಅಜ್ಜಿ, ನಿಮ್ಮ ಮಾಟಕ್ಕೆ ಎಷ್ಟು ಹಾರ್ಸ್‌ಪವರ್ ಇದೆ? ನಂದಕ್ಕೆ ಅರವತ್ತು!”

ಚಲುವರಾಜು ನಗಲಿಲ್ಲ. “ಮುಂದೆ ಹೋಗಿರೋ ನಾಲ್ಕು ಗಾಡಿ ವಾಪಸ್ ಬಂದು ಎಳೀತವೆ. ಒಂದೆರಡು ಗಂಟೆ ಅಷ್ಟೇ. ಕಾಯೋಣ ಗುರುವೇ.”

ಆದರೆ ರೇವಣಸಿದ್ದಪ್ಪನಿಗೆ ಒಂದೆರಡು ಗಂಟೆ ಇರಲಿಲ್ಲ. ಅವತ್ತು ಮಗಳು ಗಂಗುವಿನ ಹುಟ್ಟುಹಬ್ಬ. ಏಳು ತುಂಬುತ್ತಿತ್ತು. ಬೆಳಿಗ್ಗೆ ಬನಶಂಕರಿಯ ಮನೆಯ ಗೇಟು ಹಿಡಿದು ನಿಂತು, “ಅಪ್ಪಾಜಿ, ನೀವು ಬರೋವರೆಗೂ ಕೇಕ್ ಕಟ್ ಮಾಡಲ್ಲ. ಆರು ಗಂಟೆ ಅಂದ್ರೆ ಆರು ಗಂಟೆ!” ಎಂದು ಬೆರಳು ಅಲ್ಲಾಡಿಸಿ ಕಳಿಸಿದ್ದಳು. ಮೂರು ಮಕ್ಕಳು ಹುಟ್ಟುತ್ತಲೇ ಹೋದ ಮೇಲೆ ಉಳಿದ ಒಂದೇ ಕೂಸು. ಮೂರೂ ಒಂದೇ ಥರ: ಮೈಯಲ್ಲಿ ಕುಂದಿರಲಿಲ್ಲ, ಆದರೆ ಉಸಿರೆಳೆಯಲಿಲ್ಲ, ಅಳಲಿಲ್ಲ. ನಾಲ್ಕನೆಯದು ಇಡೀ ವಾರ್ಡು ಎದ್ದು ಕೂರುವ ಹಾಗೆ ಅತ್ತಿತ್ತು. ಆ ಕೂಸಿಗೆ ಕೊಟ್ಟ ಮಾತು ತಪ್ಪುವುದುಂಟೇ? ಅವನು ಉಕ್ಕಿನ ಹಗ್ಗವನ್ನು ಗೋಣಿಮರಕ್ಕೆ ಸುತ್ತಿ ಕೊಕ್ಕೆ ಹಾಕಿದ.

ಉರುಳೆ ತಿರುಗಿತು. ಹಗ್ಗ ಬಿಗಿಯಿತು. ತೊಗಟೆ ಹರಿದು ಬೆಳ್ಳಗೆ ಹಾಲು ಒಸರಿತು. ಹಳಸಿದ ಹಾಲಿನ ವಾಸನೆ, ಅದರ ಜೊತೆ ಬಾಣಂತಿ ಕೋಣೆಯ ಬಿಸಿ ರಕ್ತದ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಚಲುವರಾಜು ಕರವಸ್ತ್ರ ಮುಚ್ಚಿಕೊಂಡು ಹಿಂದೆ ಸರಿದ. ಜೀಪು ನರಳುತ್ತಾ ಮೇಲೆ ಬಂತು. ಟಿಣ್ ಎಂದು ಏನೋ ಬಾನೆಟ್ಟಿನ ಮೇಲೆ ಬಿತ್ತು.

ಒಂದು ಮೊಳೆ. ಹಗ್ಗ ಉಜ್ಜಿ ಕಿತ್ತು ಬಂದದ್ದು. ಹಳೆಯವೆಲ್ಲ ಮರದ ಹೊಟ್ಟೆಯಲ್ಲಿ ಭದ್ರವಾಗಿದ್ದವು, ಇದು ಈಚಿನದು. ಅದಕ್ಕೆ ಉದ್ದ ಕೂದಲು ಸುತ್ತಿ, ಮೇಲೆ ಹಸಿರು ರೇಷ್ಮೆಯ ಅಂಚಿನ ಚೂರು ಕಟ್ಟಿತ್ತು. ಬಣ್ಣ ಮಾಸಿದ್ದರೂ ಜರಿಯ ಸಣ್ಣ ಮಾವಿನಕಾಯಿ ಕಾಣುತ್ತಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡ. ಸಂಜೆ ಬರುವವರಿಗೆ ತೋರಿಸಿ ನಗಿಸಲು ಆಯಿತೆಂದು ಜೇಬಿಗೆ ಹಾಕಿಕೊಂಡ.

“ಅಯ್ಯೋ, ಅದ್ನ ಕೊಟ್ಬುಡು! ನನ್ನ ಕೈಗೆ ಕೊಟ್ಬುಡಪ್ಪ!” ಮುದುಕಿ ಜೀಪಿನ ಹಿಂದೆ ಓಡಿ ಬಂದಳು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ, ಕೇಳಿಸಿದರೂ ನಿಲ್ಲಿಸುತ್ತಿರಲಿಲ್ಲವೇನೋ.

ಆರಕ್ಕೆ ಐದು ನಿಮಿಷವಿರುವಾಗ ಮನೆ ಮುಟ್ಟಿದ. ಗಂಗು ಓಡಿ ಬಂದು ಕೆಸರಿನ ಪ್ಯಾಂಟನ್ನೇ ತಬ್ಬಿಕೊಂಡಳು. “ಅಪ್ಪಾಜಿ ಸಖತ್ ಕೊಳೆ!” ಎಂದು ಕಿಲಕಿಲ ನಕ್ಕಳು. ಅಯ್ಯಂಗಾರ್ ಬೇಕರಿಯ ಕೇಕಿನ ಮೇಲೆ ಏಳು ಮೇಣದ ಬತ್ತಿ. ಪಕ್ಕದ ಮನೆಗಳ ಮಕ್ಕಳು ಬಲೂನು ಹಿಡಿದು ನಿಂತಿದ್ದರು. ಅವನು ಕೈತೊಳೆದು ಬಂದು, ಮುದುಕಿಯ ಕತೆಯನ್ನು ಅವಳ ದನಿಯಲ್ಲೇ ಅಣಕಿಸಿ ಹೇಳಿ, ಜೇಬಿನಿಂದ ಮೊಳೆ ತೆಗೆದು ಮೇಜಿನ ಮೇಲಿಟ್ಟ. ಎಲ್ಲರೂ ನಕ್ಕರು.

ಹೆಂಡತಿ ಕಮಲಾದೇವಿ ನಗಲಿಲ್ಲ. ಮೊಳೆಯನ್ನು ನೋಡಿದಳು. ಹಸಿರು ಅಂಚನ್ನು ಬೆರಳಿನಿಂದ ಮುಟ್ಟಿದಳು. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

“ದೀಪ ಆರಿಸು ಗಂಗು,” ಎಂದರು ಯಾರೋ.

ಗಂಗು ಕೆನ್ನೆ ಉಬ್ಬಿಸಿ ಊದಿದಳು. ಒಂದು ಬತ್ತಿಯೂ ಅಲ್ಲಾಡಲಿಲ್ಲ. ಮಕ್ಕಳು ನಕ್ಕರು. ಮತ್ತೆ ಊದಿದಳು. ಏಳು ಜ್ವಾಲೆಗಳು ನೆಟ್ಟಗೆ ಉರಿಯುತ್ತಿದ್ದವು. ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು. ಹೆದರಿಕೆಯಿರಲಿಲ್ಲ, ಬರೀ ಆಶ್ಚರ್ಯ. ಉಸಿರು ಎಲ್ಲಿ ಹೋಯಿತು ಎಂದು ಕೇಳುವ ಹಾಗೆ. ಆಮೇಲೆ ಅವಳ ತುಟಿ ನೀಲಿಯಾಯಿತು. ಕೋಣೆಯ ತುಂಬ ಹಳಸಿದ ಹಾಲಿನ ವಾಸನೆ ಹರಡಿತು.

ನರ್ಸಿಂಗ್ ಹೋಮಿನಲ್ಲಿ ಆಮ್ಲಜನಕ ಕೊಟ್ಟರು. ಎಕ್ಸ್‌ರೇ ತೆಗೆದರು. ಶ್ವಾಸಕೋಶ ಸರಿಯಾಗಿದೆ, ಆದರೂ ಮಗು ಉಸಿರೆಳೆಯಲು ಒದ್ದಾಡುತ್ತಿದೆ, ಯಾಕೆಂದು ತಿಳಿಯುತ್ತಿಲ್ಲ ಎಂದರು. ಸೋಮವಾರವೆಲ್ಲ ಹಾಗೇ ಕಳೆಯಿತು. ಮಂಗಳವಾರ ಬೆಳಿಗ್ಗೆ ಕಾರಿಡಾರಿನಲ್ಲಿ ಕಮಲಾದೇವಿ ಬಾಯಿ ಬಿಟ್ಟಳು.

“ರೀ, ಆ ಮೊಳೆ ನಂದು.”

ಸೆರಗಿನ ಗಂಟಿನಿಂದ ಅದನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

“ಮೂರನೇದೂ ಹೋದ ಮೇಲೆ ನೀವು ಟ್ರೈನಿಂಗು ಅಂತ ಎರಡು ತಿಂಗಳು ಹೋಗಿದ್ರಲ್ಲ, ಆಗ ಅಮ್ಮ ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ರು. ಯಾರೋ ನನ್ನ ಹೊಟ್ಟೆಗೆ ಮಾಟ ಮಾಡ್ಸಿದಾರೆ ಅಂದ್ರು. ನನ್ನ ಕೂದಲು, ನೀವು ಮೊದಲನೇ ದೀಪಾವಳಿಗೆ ತಂದಿದ್ದ ಹಸಿರು ಸೀರೆ ಅಂಚು. ಅದನ್ನ ಕಟ್ಟಿ ಹೊಡೆದ ಮೇಲೇ ಗಂಗು ಉಳಿದಿದ್ದು.”

“ನನಗೆ ಒಂದು ಮಾತು ಹೇಳಬಾರದಾಗಿತ್ತಾ ಕಮಲಾ?”

“ಹೇಳಿದ್ರೆ ನಗ್ತಿದ್ರಿ.” ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು. “ನನ್ನ ನೋಡಿ ನಕ್ಕಿದ್ರೆ ಸಹಿಸ್ಕೊತಿದ್ದೆ. ಸತ್ತ ಮಕ್ಕಳ ವಿಷಯಕ್ಕೂ ನಗ್ತೀರೇನೋ ಅಂತ ಭಯ ಆಗಿತ್ತು.”

ಆ ಮಾತು ಅವನ ಎದೆಗೆ ನಾಟಿತು. ಎಂಟು ವರ್ಷ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಈ ಭಯ ಮಲಗಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ಜೀಪು ಹತ್ತಿದ.

ಸಪ್ಪಲಮ್ಮ ಮರದ ಬುಡದಲ್ಲೇ ಕಾಯುತ್ತಾ ಕೂತಿದ್ದಳು. ಪಕ್ಕದಲ್ಲಿ ಸುತ್ತಿಗೆ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮೊಳೆಯನ್ನು ಹಳೆಯ ತೂತಿಗೆ ಇಟ್ಟು ನೋಡಿದಳು. ಅದು ಸಡಿಲವಾಗಿ ಕೆಳಗೆ ಬಿತ್ತು.

“ತೂತು ಅಗಲ ಆಗೋಗದೆ. ಹಿಂಗೇ ಹೊಡುದ್ರೆ ನಿಲ್ಲಾಕಿಲ್ಲ. ಸಂದಿಗೆ ಏನಾರ ತುಂಬಬೇಕು.”

“ಬೇರೆ ಕಡೆ ಹೊಡೀರಿ ಅಜ್ಜಿ!”

“ಮಾಟ ಕುಂತಿರೋದು ಈ ತೂತಲ್ಲಿ. ಕಿತ್ತೋನೇ ಕೊಡಬೇಕು, ಇನ್ನೊಬ್ರು ಕೊಟ್ರೆ ಆಗಾಕಿಲ್ಲ.”

“ಬೆರಳು ಕತ್ತರಿಸಿ ಕೊಡ್ತೀನಿ. ರಕ್ತ ಕೊಡ್ತೀನಿ. ನನ್ನ ಪ್ರಾಣಾನೇ ತಗೊಳ್ಳಿ.”

“ನಿನ್ನ ಪ್ರಾಣ ತಕ್ಕಂಡು ಏನು ಮಾಡಾದಪ್ಪ?” ಮುದುಕಿಯ ದನಿಯಲ್ಲಿ ಕರುಣೆಯಿತ್ತು. “ಮಗಾ ನಿನ್ನ ಏನಂತ ಕೂಗ್ತದೆ?”

“ಅಪ್ಪಾಜಿ ಅಂತ.”

“ಅದ್ನ ಕೊಡು. ಆ ಕೂಗು ಇಲ್ಲಿ ಉಳ್ಕತದೆ. ಮಗಾ ಉಳೀತದೆ. ಆದ್ರೆ ಅದಕ್ಕೆ ನೀನು ಯಾರು ಅಂತ ತಿಳಿಯಾಕಿಲ್ಲ. ಇವತ್ತಲ್ಲ, ಯಾವತ್ತೂ.”

ಶಿವನೇ, ಇಂಥ ಬೆಲೆಯನ್ನು ಯಾರಾದರೂ ಕೇಳುತ್ತಾರೆಯೇ? ಅವನು ಮರದ ಮುಂದೆ ಕುಸಿದು ಕೂತ. ಗೇಟು ಹಿಡಿದು ಬೆರಳು ಅಲ್ಲಾಡಿಸಿದವಳು ಕಣ್ಣ ಮುಂದೆ ಬಂದಳು. ಆಮೇಲೆ ನೀಲಿ ತುಟಿ. ಇನ್ನೆಷ್ಟು ಹೊತ್ತು ಉಸಿರಾಡಿಯಾಳು? ಅವನು ಎದ್ದ. ತೂತಿಗೆ ಬಾಯಿಟ್ಟ. ಹಾಲು ತುಟಿಗೆ ಅಂಟಿತು. ಕಹಿ.

“ಅಪ್ಪಾಜಿ,” ಎಂದು ಒಳಗೆ ಹೇಳಿದ.

ನೆತ್ತಿಯ ಮೇಲಿದ್ದ ಸೂರ್ಯ ಕಾಣದಾದ. ಎಲೆಗಳ ಸದ್ದು ನಿಂತಿತು. ಹಕ್ಕಿಯಿಲ್ಲ. ಗಾಳಿಯಿಲ್ಲ. ತನ್ನ ಕೈ ತನಗೆ ಕಾಣದಷ್ಟು ಕತ್ತಲು.

“ಕಣ್ಣು ಮುಚ್ಕಾ,” ಎಂದಳು ಮುದುಕಿ. “ಏನು ಮುಟ್ಟಿದ್ರೂ ತಿರುಗಿ ನೋಡಬ್ಯಾಡ.”

ಮೊದಲ ಪೆಟ್ಟು ಬಿತ್ತು. ಮರ ಮುಲುಗಿತು.

ಎರಡನೇ ಪೆಟ್ಟು. ಹಿಂದೆ ಒಣ ಎಲೆ ಸರಿದ ಸದ್ದು. ಏನೋ ತೆವಳುತ್ತಿತ್ತು. ಒಂದಲ್ಲ. ಎರಡಲ್ಲ. ಮೂರು.

ಮೂರನೇ ಪೆಟ್ಟು. ಕಾಲಿಗೆ ತಣ್ಣನೆಯ ಕೈ ತಗುಲಿತು. ಪುಟ್ಟ ಕೈ. ಹಸಿ ಹಸಿ. ಉಗುರು ಕೂಡ ಬಲಿತಿಲ್ಲದ ಬೆರಳು. ಇನ್ನೊಂದು ಕೈ. ಮತ್ತೊಂದು. ಹತ್ತಲು ನೋಡಿದವು. ಪ್ಯಾಂಟು ಹಿಡಿದು ಜಗ್ಗಿದವು. ಉಸಿರಿನ ಸದ್ದಿಲ್ಲ. ಅಳುವಿಲ್ಲ. ಅವನಿಗೆ ತಿಳಿಯಿತು. ಯಾರೆಂದು ತಿಳಿಯಿತು. ಅವನು ಒಮ್ಮೆಯೂ ಎತ್ತಿಕೊಳ್ಳದ ಮೂವರು. ಬಟ್ಟೆ ಸುತ್ತಿ ಯಾರದೋ ಕೈಗೆ ಕೊಟ್ಟು ಕಳಿಸಿದ್ದ ಮೂವರು. ಬಗ್ಗಬೇಕೆನಿಸಿತು. ಎತ್ತಿಕೊಳ್ಳಬೇಕೆನಿಸಿತು. ಒಂದೇ ಒಂದು ಸಲ. ಕೈ ಕೆಳಗೆ ಚಾಚಿತು.

“ಬ್ಯಾಡ!” ಮುದುಕಿ ಕಿರುಚಿದಳು. “ಅವುಗಳ್ನ ಎತ್ಕಂಡ್ರೆ ನಿನ್ನ ಮಗಳು ಹೋಗ್ಬುಡ್ತಾಳೆ!”

ಅವನು ಮುಷ್ಟಿ ಕಚ್ಚಿಕೊಂಡ. ಕಣ್ಣು ಬಿಗಿದ. ಅತ್ತ. ಸುತ್ತಿಗೆ ಬಿತ್ತು. ಮತ್ತೆ ಬಿತ್ತು. ಒಂದೊಂದಾಗಿ ಕೈಗಳು ಜಾರಿದವು. ಕೊನೆಯ ಕೈ ಬಹಳ ಹೊತ್ತು ಬಿಡಲಿಲ್ಲ.

ಕಣ್ಣು ತೆರೆದಾಗ ಬಿಸಿಲಿತ್ತು. ಮೊಳೆ ಮರದಲ್ಲಿ ಗಟ್ಟಿಯಾಗಿ ಕೂತಿತ್ತು. ಅವನ ಪ್ಯಾಂಟಿನ ಮೇಲೆ ಮೊಣಕಾಲವರೆಗೂ ಹಾಲಿನ ಪುಟ್ಟ ಪುಟ್ಟ ಗುರುತುಗಳಿದ್ದವು.

ನರ್ಸಿಂಗ್ ಹೋಮಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಗಂಗು ಹಾಸಿಗೆಯ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದಳು. ಕೆನ್ನೆಯಲ್ಲಿ ಬಣ್ಣ ಬಂದಿತ್ತು. ಕಮಲಾದೇವಿ ಅವನನ್ನು ಕಂಡು ಎರಡೂ ಕೈ ಮುಗಿದಳು. ಅವನು ಬಾಗಿಲಲ್ಲೇ ನಿಂತ. ಮುದುಕಿಯ ಮಾತು ಸುಳ್ಳಾಗಲಿ ಎಂದು, ಹುಟ್ಟಿದಾರಭ್ಯ ದೇವರಿಗೆ ಕೈಮುಗಿಯದವನು, ಮನಸ್ಸಿನಲ್ಲೇ ಬೇಡಿಕೊಂಡ.

ಗಂಗು ತಲೆಯೆತ್ತಿದಳು. ಚಮಚ ಬಟ್ಟಲಲ್ಲಿಟ್ಟು, ಅಮ್ಮನಿಗೆ ಒತ್ತಿಕೊಂಡಳು.

“ಅಂಕಲ್, ಯಾರು ಬೇಕಿತ್ತು?”

ಆಮೇಲೆ ಏನೇನು ಮಾಡಿದರೂ ಆಗಲಿಲ್ಲ. ಫೋಟೋ ತೋರಿಸಿದರೆ ಗಂಗುವಿಗೆ ಅದರಲ್ಲಿ ಅಮ್ಮ ಮಾತ್ರ ಗೊತ್ತಾಗುತ್ತಿದ್ದಳು. ಇವರೇ ನಿನ್ನ ಅಪ್ಪಾಜಿ ಎಂದು ಹೇಳಿಕೊಟ್ಟರೆ ತಲೆಯಾಡಿಸಿ, ಮಾರನೆಯ ದಿನ ಮರೆತಿರುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ, “ಅಮ್ಮ, ಆ ಅಂಕಲ್ ಯಾವಾಗ ಅವರ ಮನೆಗೆ ಹೋಗ್ತಾರೆ? ನಂಗೆ ಭಯ ಆಗತ್ತೆ,” ಎಂದದ್ದು ಅವನ ಕಿವಿಗೆ ಬಿತ್ತು. ಮರುವಾರವೇ ತ್ಯಾಗರಾಜನಗರದಲ್ಲಿ ಒಂದು ಕೋಣೆ ಹಿಡಿದ. ಪ್ರತಿ ಶನಿವಾರ ಬೇಕರಿಯಿಂದ ಹನಿ ಕೇಕ್ ತೆಗೆದುಕೊಂಡು ಹೋಗುತ್ತಿದ್ದ. ಅವಳು “ಥ್ಯಾಂಕ್ಸ್ ಅಂಕಲ್” ಎಂದು ತೆಗೆದುಕೊಂಡು ಒಳಗೆ ಓಡುತ್ತಿದ್ದಳು. ಕಮಲಾದೇವಿ ಗೇಟಿನವರೆಗೆ ಬರುತ್ತಿದ್ದಳು.

ಕ್ಲಬ್ಬಿನವರು ಈಗಲೂ ಭಾನುವಾರ ಎಮ್ಮೆಗುಂಡಿ ಬೆಟ್ಟಕ್ಕೆ ಹೋಗುತ್ತಾರೆ. ತಿರುವಿನಲ್ಲಿ ಅವರಿಗಿಂತ ಮೊದಲೇ ಒಂದು ಜೀಪು ನಿಂತಿರುತ್ತದೆ. ಅದರ ಮೂತಿಯ ಮೇಲೆ ವಿಂಚಿಲ್ಲ, ಬಿಚ್ಚಿದ ಗುರುತಿದೆ. ಗೋಣಿಮರಕ್ಕೆ ಕಿವಿಯಿಟ್ಟು ಒಬ್ಬ ನಿಂತಿರುತ್ತಾನೆ. ಹೊಸಬರು ನೋಡಿ ನಗುತ್ತಾರೆ. ಚಲುವರಾಜು ಅವರನ್ನು ಗದರಿಸಿ, ಎಂಜಿನ್ ಆಫ್ ಮಾಡಿಸಿ, ಗಾಡಿಗಳನ್ನು ಸದ್ದಿಲ್ಲದೆ ತಳ್ಳಿಕೊಂಡು ಮುಂದೆ ಹೋಗುವಂತೆ ಮಾಡುತ್ತಾನೆ. ಸದ್ದಾದರೆ ಅವನಿಗೆ ಕೇಳಿಸುವುದಿಲ್ಲ.

ಮೊಳೆಯ ಹತ್ತಿರ, ತೊಗಟೆಯ ಒಳಗಿನಿಂದ, ಏಳು ವರ್ಷದ ದನಿಯೊಂದು ಕರೆಯುತ್ತದೆ. “ಅಪ್ಪಾಜಿ.” ಸ್ವಲ್ಪ ಬಿಟ್ಟು ಮತ್ತೆ, “ಅಪ್ಪಾಜಿ.”

“ಇಲ್ಲೇ ಇದ್ದೀನಿ ಮಗಳೇ,” ಎನ್ನುತ್ತಾನೆ ರೇವಣಸಿದ್ದಪ್ಪ. ಆ ದನಿಗೆ ಕೇಳಿಸುವುದಿಲ್ಲ. ಮತ್ತೆ ಕರೆಯುತ್ತದೆ.